ಹಳೆಯ ಲ್ಯಾಪ್‌ಟಾಪ್‌ನ ಬೆಲೆ ಮತ್ತು ಬಾಳಿಕೆ: ಪ್ರಶಿಕ್ಷಣಾರ್ಥಿಗಳು ಕೊಳ್ಳುವ ಮುನ್ನ

ಬಿ.ಇಡ್. ತರಗತಿಗಳು ಆರಂಭವಾಗಿ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಪ್ರಶಿಕ್ಷಣಾರ್ಥಿಗಳಿಂದ ಒಂದು ಪ್ರಶ್ನೆ ಬಂದೇ ಬರುತ್ತದೆ: “ಸರ್, ರಿಫರ್ಬಿಶ್ಡ್ ಲ್ಯಾಪ್‌ಟಾಪ್ ತಗೊಂಡ್ರೆ ನಡೆಯುತ್ತಾ?” ಒಬ್ಬರು ಬಳಸಿ ಬಿಟ್ಟ ಯಂತ್ರವನ್ನು ಪರೀಕ್ಷಿಸಿ, ದುರಸ್ತಿ ಮಾಡಿ, ಒರೆಸಿ ಮತ್ತೆ ಮಾರುವುದಕ್ಕೆ ಇಂದು ಅಂಗಡಿಗಳಲ್ಲಿ ಇರುವ ಹೆಸರು ರಿಫರ್ಬಿಶ್ಡ್. ಈ ಪ್ರಶ್ನೆಗೆ ಶಿಕ್ಷಕ ಶಿಕ್ಷಕರಾದ ನಾವು ಕೊಡುವ ಉತ್ತರ ಸಾಮಾನ್ಯವಾಗಿ ಎರಡೇ. “ಹೊಸದನ್ನೇ ತೆಗೆದುಕೊಳ್ಳಿ” ಎನ್ನುತ್ತೇವೆ, ಇಲ್ಲವೇ “ನಿಮ್ಮ ಬಜೆಟ್ ನೋಡಿಕೊಳ್ಳಿ” ಎನ್ನುತ್ತೇವೆ. ಕೇಳಿದವರ ಕೈಯಲ್ಲಿರುವ ಹಣ ವಿದ್ಯಾರ್ಥಿವೇತನದ್ದಿರಬಹುದು, ಮನೆಪಾಠ ಮಾಡಿ ಕೂಡಿಸಿದ್ದಿರಬಹುದು, ಮನೆಯವರು ಒಡವೆ ಅಡವಿಟ್ಟು ತಂದದ್ದಿರಬಹುದು. ಅಂಥ ಹಣಕ್ಕೆ ನಮ್ಮ ಈ ಎರಡೂ ಉತ್ತರಗಳು ಸಾಲವು.

ನನ್ನ ಅಭಿಪ್ರಾಯ ಇಷ್ಟು. ಹಳೆಯ ಲ್ಯಾಪ್‌ಟಾಪ್ ಒಳ್ಳೆಯದೋ ಕೆಟ್ಟದೋ ಎಂಬುದು ಅದರ ಚೀಟಿಯ ಮೇಲಿನ ಬೆಲೆಯಿಂದ ತೀರ್ಮಾನವಾಗುವುದಿಲ್ಲ. ಯಾವ ಕೆಲಸಕ್ಕೆ, ಎಷ್ಟು ತಿಂಗಳಿಗೆ ಎಂಬ ಎರಡು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡ ಮೇಲೆ ಮಾತ್ರ ಅದನ್ನು ತೀರ್ಮಾನಿಸಬಹುದು. ಈ ತೀರ್ಮಾನವನ್ನು ಪ್ರಶಿಕ್ಷಣಾರ್ಥಿ ಒಬ್ಬಂಟಿಯಾಗಿ ಅಂಗಡಿಯಲ್ಲಿ ನಿಂತು ಮಾಡುವಂತೆ ಬಿಡುವುದು ಸರಿಯಲ್ಲ. ಕಾಲೇಜು ಇದನ್ನು ಕಲಿಸಬೇಕು.

ಕೆಲಸ ಮೊದಲು, ಯಂತ್ರ ಆಮೇಲೆ

ಪಾಠ ಯೋಜನೆ ಬರೆಯುವಾಗ ಉದ್ದೇಶ ಬರೆಯದೆ ಬೋಧನೋಪಕರಣದ ಕಾಲಂ ತುಂಬಿದರೆ ನಾವು ಒಪ್ಪುವುದಿಲ್ಲ. ಲ್ಯಾಪ್‌ಟಾಪಿಗೂ ಅದೇ ನಿಯಮ ಇರಲಿ. ಎನ್‌ಸಿಟಿಇಯ 2014ರ ನಿಯಮಾವಳಿಯ ಪ್ರಕಾರ ಬಿ.ಇಡ್. ಎರಡು ವರ್ಷದ್ದು. ಅದರಲ್ಲಿ ಶಾಲಾ ಇಂಟರ್ನ್‌ಶಿಪ್ 20 ವಾರ. ಈ ಅವಧಿಯಲ್ಲಿ ಪ್ರಶಿಕ್ಷಣಾರ್ಥಿ ಲ್ಯಾಪ್‌ಟಾಪಿನಲ್ಲಿ ಮಾಡುವ ಕೆಲಸಗಳನ್ನು ಪಟ್ಟಿ ಮಾಡಿ ನೋಡೋಣ: ಪಾಠ ಯೋಜನೆಗಳನ್ನು ಕನ್ನಡದಲ್ಲಿ ಬೆರಳಚ್ಚು ಮಾಡುವುದು, ಸ್ಲೈಡ್ ತಯಾರಿ, ಅಂಕಪಟ್ಟಿಯ ಕೋಷ್ಟಕ, ಕ್ರಿಯಾ ಸಂಶೋಧನೆಯ ವರದಿ, ದೀಕ್ಷಾ ವೇದಿಕೆಯ ವಿಡಿಯೋ, ಗಣಿತಕ್ಕೆ ಜಿಯೋಜೀಬ್ರಾ, ವಿಜ್ಞಾನಕ್ಕೆ ಫೆಟ್ ಪ್ರಯೋಗಗಳು, ಆಗಾಗ ಒಂದು ಆನ್‌ಲೈನ್ ಸಭೆ.

ಇವುಗಳಲ್ಲಿ ಯಾವುದಕ್ಕೂ ಭಾರಿ ಯಂತ್ರ ಬೇಕಿಲ್ಲ. ಏಳೆಂಟು ವರ್ಷ ಹಳೆಯದಾದರೂ ಗಟ್ಟಿಯಾಗಿ ಕಟ್ಟಿದ ಒಂದು ಲ್ಯಾಪ್‌ಟಾಪ್ ಇಷ್ಟನ್ನೂ ಸಲೀಸಾಗಿ ಮಾಡುತ್ತದೆ. ಬೇಕಾದದ್ದು ಬೇರೆ ಕೆಲವು ಗುಣಗಳು. ನಲವತ್ತು ನಿಮಿಷದ ಪಿರಿಯಡ್‌ನಲ್ಲಿ ಐದು ನಿಮಿಷ ತೆರೆದುಕೊಳ್ಳುತ್ತಲೇ ಕೂತಿರಬಾರದು. ಕರೆಂಟು ಹೋದರೆ ಆ ಕ್ಷಣವೇ ಆರಿಹೋಗಬಾರದು. ಶಾಲೆಯ ಪ್ರೊಜೆಕ್ಟರಿಗೆ ಜೋಡಣೆಯಾಗಬೇಕು. ಕನ್ನಡ ಬೆರಳಚ್ಚು ತೊಡಕಿಲ್ಲದೆ ಸಾಗಬೇಕು. ಬ್ಯಾಂಕ್ ವ್ಯವಹಾರ, ಅರ್ಜಿ ಸಲ್ಲಿಕೆಗಳೂ ಇದೇ ಯಂತ್ರದಲ್ಲಿ ನಡೆಯುವುದರಿಂದ ಭದ್ರತಾ ಪರಿಷ್ಕರಣೆಗಳು ಬರುತ್ತಿರಬೇಕು.

“ಐ7” ಎಂಬ ಚೀಟಿ

ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಜಿಲ್ಲಾ ಕೇಂದ್ರಗಳ ಸಣ್ಣ ಅಂಗಡಿಗಳವರೆಗೆ ಸಿಗುವ ರಿಫರ್ಬಿಶ್ಡ್ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಒಟ್ಟಾಗಿ ಕೈಬಿಟ್ಟವು. ಡೆಲ್ ಲ್ಯಾಟಿಟ್ಯೂಡ್, ಎಚ್‌ಪಿ ಎಲೀಟ್‌ಬುಕ್, ಲೆನೊವೊ ಥಿಂಕ್‌ಪ್ಯಾಡ್ ಇಂಥ ಕಚೇರಿ ಬಳಕೆಯ ಮಾಲಿಕೆಗಳು. ಇವುಗಳ ಕೀಲಿಮಣೆ, ಹಿಂಜ್, ಮೈಕಟ್ಟು ಸಾಮಾನ್ಯ ಮನೆಬಳಕೆಯ ಅಗ್ಗದ ಮಾದರಿಗಳಿಗಿಂತ ಗಟ್ಟಿ. ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಹಾಗಾಗಿ ಹಳೆಯದು ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಬೇಕಾಗಿಲ್ಲ.

ಆದರೆ ಅಂಗಡಿಯ ಚೀಟಿಯಲ್ಲಿ “ಕೋರ್ ಐ7” ಎಂದು ದಪ್ಪ ಅಕ್ಷರದಲ್ಲಿ ಬರೆದಿದ್ದರೆ ಅಲ್ಲಿಗೆ ಓದು ನಿಲ್ಲಿಸಬಾರದು. ಐ3, ಐ5, ಐ7 ಎಂಬುದು ಒಂದೇ ತಲೆಮಾರಿನ ಒಳಗಿನ ದರ್ಜೆ. ತಲೆಮಾರನ್ನು ಹೇಳುವುದು ಅದರ ಮುಂದಿನ ಸಂಖ್ಯೆ. ಐ7-4600ಯು ಎಂದರೆ ನಾಲ್ಕನೆಯ ತಲೆಮಾರು, 2013ರದ್ದು, ಅದರಲ್ಲಿ ಎರಡು ಕೋರ್. ಐ5-8250ಯು ಎಂದರೆ ಎಂಟನೆಯ ತಲೆಮಾರು, 2017ರದ್ದು, ಅದರಲ್ಲಿ ನಾಲ್ಕು ಕೋರ್. ಹೆಸರಿನಲ್ಲಿ ಕೆಳಗಿನ ದರ್ಜೆಯಾದರೂ ಎರಡನೆಯದು ಹೆಚ್ಚು ಸಮರ್ಥ. ಸಂಖ್ಯೆ 10, 11 ಎಂದು ಆರಂಭವಾದರೆ ಅದು ಹತ್ತು, ಹನ್ನೊಂದನೆಯ ತಲೆಮಾರು. ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಹಲ್ಲು ಎಣಿಸುತ್ತಾನೆ, ನಡೆಸಿ ನೋಡುತ್ತಾನೆ. ಕೊಂಬಿನ ಬಣ್ಣ ನೋಡಿ ಹಣ ಕೊಡುವುದಿಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳಲ್ಲಿ ಅನೇಕರು ಇದನ್ನು ಮನೆಯಲ್ಲೇ ಕಂಡವರು.

ಎಂಟನೆಯ ತಲೆಮಾರು ಮುಖ್ಯವಾಗಲು ಇನ್ನೊಂದು ಕಾರಣವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. 2021ರ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 11, ಕೆಲವು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳನ್ನಷ್ಟೇ ಅಧಿಕೃತವಾಗಿ ಒಪ್ಪುತ್ತದೆ. ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಕೇಳುತ್ತದೆ. ಕಂಪನಿಗಳು ಹಳೆಯ ಯಂತ್ರಗಳನ್ನು ಕೈಬಿಡಲು ಇದೂ ಒಂದು ಕಾರಣ. ಆರನೆಯ, ಏಳನೆಯ ತಲೆಮಾರಿನವು ಅಗ್ಗವಾಗಿ ಸಿಗುತ್ತಿದ್ದರೆ ಅದರ ಹಿಂದೆ ಈ ದಿನಾಂಕವೂ ಇದೆ.

ಇಂಥ ಯಂತ್ರಗಳಲ್ಲಿ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಿ ಮಾರುವವರೂ ಇದ್ದಾರೆ. ತೆರೆದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಅರ್ಹವಲ್ಲದ ಯಂತ್ರಕ್ಕೆ ಪರಿಷ್ಕರಣೆಗಳ ಖಾತ್ರಿ ಇಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಪರದೆಯ ಮೇಲೆ ಕಾಣುವ ವಿಂಡೋಸ್‌ನ ಹೆಸರನ್ನು ನಂಬದೆ ಪ್ರೊಸೆಸರ್ ಸಂಖ್ಯೆಯನ್ನು ನೋಡಬೇಕು. ಎಂಟನೆಯ ತಲೆಮಾರು ಈಗ ಒಪ್ಪಿತ ಪಟ್ಟಿಯ ಕೆಳಗಿನ ಮೆಟ್ಟಿಲಿನಲ್ಲಿದೆ ಎಂಬುದೂ ನೆನಪಿರಲಿ. ಬೆಲೆಯ ಅಂತರ ಕಡಿಮೆ ಇದ್ದರೆ ಹತ್ತು ಅಥವಾ ಹನ್ನೊಂದನೆಯದೇ ಜಾಣತನದ ಆಯ್ಕೆ.

ತಿಂಗಳ ಲೆಕ್ಕ

ಬೆಲೆಯನ್ನು ತಿಂಗಳಿಗೆ ಇಳಿಸಿ ನೋಡುವುದು ನಾನು ಸೂಚಿಸುವ ಅಳತೆ. ಕೊಟ್ಟ ಬೆಲೆಗೆ ಕೂಡಲೇ ಮಾಡಬೇಕಾದ ಖರ್ಚನ್ನು ಕೂಡಿ, ನೆಮ್ಮದಿಯಾಗಿ ಬಳಸಬಹುದಾದ ತಿಂಗಳುಗಳಿಂದ ಭಾಗಿಸಿ. ಕೆಳಗಿನವು ಲೆಕ್ಕಕ್ಕಾಗಿ ಇಟ್ಟುಕೊಂಡ ಅಂಕಿಗಳು. ನಿಮ್ಮ ಊರಿನ ದರ ಹಾಕಿಕೊಂಡು ನೀವೇ ಮಾಡಿ ನೋಡಿ.

ಮೊದಲನೆಯದು, ನಾಲ್ಕನೆಯ ತಲೆಮಾರಿನ ಐ7, ಬೆಲೆ 13,000 ರೂಪಾಯಿ. ಹೊಸ ಬ್ಯಾಟರಿ ಮತ್ತು ಎಸ್‌ಎಸ್‌ಡಿಗೆ 5,000. ಒಟ್ಟು 18,000. ವಿಂಡೋಸ್‌ನಲ್ಲಿಯೇ ಬಳಸುವ ಹಟವಿದ್ದರೆ ಹದಿನೆಂಟು ತಿಂಗಳು ತಳ್ಳಬಹುದು ಎಂದುಕೊಳ್ಳೋಣ. ತಿಂಗಳಿಗೆ 1,000 ರೂಪಾಯಿ. ಎರಡನೆಯದು, ಎಂಟನೆಯ ತಲೆಮಾರಿನ ಐ5, ಬೆಲೆ 21,000, ಬ್ಯಾಟರಿಗೆ 3,000, ಒಟ್ಟು 24,000. ಮೂವತ್ತಾರು ತಿಂಗಳು ಬಾಳಿದರೆ ತಿಂಗಳಿಗೆ ಸುಮಾರು 667. ಮೂರನೆಯದು, ಹೊಸ ಸಾಧಾರಣ ಲ್ಯಾಪ್‌ಟಾಪ್, ಬೆಲೆ 38,000. ಆರು ವರ್ಷ, ಅಂದರೆ ಎಪ್ಪತ್ತೆರಡು ತಿಂಗಳು ಬಾಳಿದರೆ ತಿಂಗಳಿಗೆ ಸುಮಾರು 528.

ಚೀಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾದದ್ದು ತಿಂಗಳ ಲೆಕ್ಕದಲ್ಲಿ ಎಲ್ಲಕ್ಕಿಂತ ದುಬಾರಿ. ಹಾಗಾದರೆ ಹೊಸದೇ ಸರಿ ಅಲ್ಲವೇ ಎಂದು ಕೇಳಬಹುದು. 38,000 ಕೈಯಲ್ಲಿದ್ದವರಿಗೆ ಹೌದು. ಸಾಲ ಮಾಡಿ ತರುವವರು ಬಡ್ಡಿಯನ್ನೂ ಕೂಡಿಸಬೇಕು. ಆಗ ಎರಡರ ನಡುವಿನ ಅಂತರ ಬಹಳ ಉಳಿಯುವುದಿಲ್ಲ. ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಹೊಸದನ್ನು ಕೊಳ್ಳುವ ತನಕ ಮೂರು ವರ್ಷ ನಡೆಸಿಕೊಡುವ ಯಂತ್ರ ಸಾಕು ಎನ್ನುವವರಿಗೆ ಎರಡನೆಯದೇ ನ್ಯಾಯವಾದ ಕೊಳ್ಳಿಕೆ.

ಅದೇ ಮೊದಲನೆಯ ಯಂತ್ರವನ್ನು ಇನ್ನೊಂದು ಬಗೆಯಲ್ಲಿ ನೋಡಿ. ಮನೆಯ ಮೇಜಿನ ಮೇಲೆ ಪ್ಲಗ್‌ಗೆ ಹಾಕಿಯೇ ಬಳಸುತ್ತೇನೆ, ಬ್ಯಾಟರಿ ಬೇಡ, ಲಿನಕ್ಸ್ ಕಲಿಯಲು ತಯಾರಿದ್ದೇನೆ ಎನ್ನುವವರಿಗೆ ಎಸ್‌ಎಸ್‌ಡಿಯ 1,500 ಸೇರಿ 14,500 ಆಗುತ್ತದೆ. ಮೂರು ವರ್ಷ ಬಾಳಿದರೆ ತಿಂಗಳಿಗೆ ಸುಮಾರು 403. ಯಂತ್ರ ಅದೇ, ಬೆಲೆಯೂ ಅದೇ. ಬದಲಾದದ್ದು ಬಳಸುವವರ ಕೆಲಸ ಮತ್ತು ಸಿದ್ಧತೆ.

ಲಿನಕ್ಸ್ ಎಂದರೆ ಹಿಂಜರಿಯಬೇಕಿಲ್ಲ. ಕೇರಳದ ಸರ್ಕಾರಿ ಶಾಲೆಗಳ ಐಟಿ ಶಿಕ್ಷಣ ವರ್ಷಗಳಿಂದ ಅದರ ಮೇಲೆಯೇ ನಡೆಯುತ್ತಿದೆ. 2024ರ ಉಬುಂಟು 24.04 ಆವೃತ್ತಿಗೆ 2029ರವರೆಗೆ ಉಚಿತ ಪರಿಷ್ಕರಣೆ ಇದೆ. ಜಿಯೋಜೀಬ್ರಾ, ಲಿಬ್ರೆ ಆಫೀಸ್, ಬ್ರೌಸರ್‌ನಲ್ಲಿ ತೆರೆಯುವ ಫೆಟ್ ಎಲ್ಲವೂ ಅದರಲ್ಲಿ ನಡೆಯುತ್ತವೆ. ಕನ್ನಡ ಗಣಕ ಪರಿಷತ್ತಿನ ನುಡಿ ಕೀಲಿ ವಿನ್ಯಾಸವೂ ಅದರಲ್ಲಿ ಲಭ್ಯ. ತೊಡಕು ಇರುವುದು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಸಿದ್ಧವಾದ ಕಡತಗಳಲ್ಲಿ. ಅವುಗಳನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕಾಗುತ್ತದೆ. ಕಾಲೇಜಿನ ನಮೂನೆಗಳೆಲ್ಲ ಆ ಫಾಂಟ್‌ಗಳಲ್ಲೇ ಇದ್ದರೆ ಪ್ರಶಿಕ್ಷಣಾರ್ಥಿ ಅದನ್ನು ಮೊದಲೇ ತಿಳಿದಿರಬೇಕು.

ಅಂಗಡಿಯಲ್ಲಿ ಒಂದು ಗಂಟೆ

ಹಣ ಕೊಡುವ ಮುನ್ನ ಒಂದು ಗಂಟೆ ಅಂಗಡಿಯಲ್ಲಿ ಕೂರಲು ಸಂಕೋಚ ಬೇಡ. ಕೂರಗೊಡದ ಅಂಗಡಿಯಲ್ಲಿ ಕೊಳ್ಳುವುದೇ ಬೇಡ. “ಎ ಗ್ರೇಡ್” ಎಂಬ ಮಾತು ಹೆಚ್ಚಾಗಿ ಹೊರಮೈಯ ಗೀರುಗಳನ್ನು ಕುರಿತದ್ದು. ಒಳಗಿನದನ್ನು ನಾವೇ ನೋಡಬೇಕು.

ಬ್ಯಾಟರಿ: ವಿಂಡೋಸ್‌ನ ಬ್ಯಾಟರಿ ವರದಿಯನ್ನು ತೆಗೆಸಿ. ಅದರಲ್ಲಿ ತಯಾರಾದಾಗಿನ ಸಾಮರ್ಥ್ಯ ಮತ್ತು ಈಗ ತುಂಬುವ ಸಾಮರ್ಥ್ಯ ಎರಡೂ ಇರುತ್ತವೆ. 60 ವ್ಯಾಟ್-ಗಂಟೆಯದು ಈಗ 33 ಮಾತ್ರ ತುಂಬುತ್ತಿದ್ದರೆ ಉಳಿದಿರುವುದು ಶೇ. 55. ಪಾಠದ ಬಳಕೆಗೆ ಯಂತ್ರ 12 ವ್ಯಾಟ್ ಎಳೆದರೆ ಎರಡೂವರೆ ಗಂಟೆಗೂ ಮೇಲೆ ಬರುತ್ತದೆ. ಎರಡು ಪಿರಿಯಡ್‌ಗೆ ಧಾರಾಳ. ಶೇ. 50ಕ್ಕಿಂತ ಕೆಳಗಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಈಗಲೇ ಲೆಕ್ಕಕ್ಕೆ ಸೇರಿಸಿ. ವರದಿಯನ್ನಷ್ಟೇ ನಂಬಬೇಡಿ. ಪ್ಲಗ್ ತೆಗೆದು ಅರ್ಧ ಚಾರ್ಜ್‌ನಲ್ಲಿ ಇಪ್ಪತ್ತು ನಿಮಿಷ ವಿಡಿಯೋ ಓಡಿಸಿ. ದಣಿದ ಬ್ಯಾಟರಿಗಳು ಶೇ. 40 ತೋರಿಸುತ್ತಿರುವಾಗಲೇ ಆರಿಬಿಡುತ್ತವೆ. ಟಚ್‌ಪ್ಯಾಡ್ ಉಬ್ಬಿದ್ದರೆ ಅಥವಾ ಮುಚ್ಚಳ ಸಮನಾಗಿ ಕೂರದಿದ್ದರೆ ಬ್ಯಾಟರಿ ಊದಿಕೊಂಡಿರಬಹುದು. ಅದು ಬೆಂಕಿಯ ಅಪಾಯ. ಅಂಥದ್ದನ್ನು ಬಿಟ್ಟು ಮುಂದೆ ನಡೆಯಿರಿ.

ಸಂಗ್ರಹ ಮತ್ತು ನೆನಪು: ಹಾರ್ಡ್‌ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಬೇಗ ತೆರೆದುಕೊಳ್ಳುವುದಕ್ಕೆ ಪ್ರೊಸೆಸರ್‌ಗಿಂತ ಇದೇ ಹೆಚ್ಚು ಕಾರಣ. ಅದರ ಆರೋಗ್ಯ ವರದಿಯಲ್ಲಿ ಓಡಿದ ಗಂಟೆಗಳ ಸಂಖ್ಯೆಯೂ ಸಿಗುತ್ತದೆ. ರ‍್ಯಾಮ್ 8 ಜಿಬಿ ಬೇಕು. ಅದು ಬೋರ್ಡಿಗೆ ಬೆಸೆದದ್ದೋ, ಬದಲಿಸಬಹುದಾದದ್ದೋ ಕೇಳಿ. ತೀರ ತೆಳುವಾದ ಮಾದರಿಗಳಲ್ಲಿ ಬೆಸೆದಿರುವುದು ಸಾಮಾನ್ಯ. ಅಲ್ಲಿ ಮುಂದೆ ಹೆಚ್ಚಿಸುವ ದಾರಿ ಇಲ್ಲ.

ಬೀಗ: ಇದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕಂಪನಿಗಳ ಯಂತ್ರಗಳಲ್ಲಿ ಬಯೋಸ್ ಪಾಸ್‌ವರ್ಡ್ ಉಳಿದಿರಬಹುದು. ಯಂತ್ರ ಆ ಕಂಪನಿಯ ನಿರ್ವಹಣಾ ಪಟ್ಟಿಯಲ್ಲೇ ಇರಬಹುದು. ಆಗ ಎಂದೋ ಒಂದು ದಿನ ವಿಂಡೋಸ್ ಮರುಸ್ಥಾಪಿಸಿದಾಗ ಕಂಪನಿಯ ಮಿಂಚಂಚೆ ವಿಳಾಸ ಕೇಳಿ ನಿಂತುಬಿಡುತ್ತದೆ. ಬೂಟ್ ಮೆನುವನ್ನು ನಿಮ್ಮ ಎದುರಿಗೇ ತೆರೆಸಿ. ಇಂಟರ್‌ನೆಟ್ ಜೋಡಿಸಿ ಒಮ್ಮೆ ಪೂರ್ತಿ ರೀಸೆಟ್ ಮಾಡಿಸಿ.

ಕೀಲಿಮಣೆ ಮತ್ತು ಜೋಡಣೆ: ಕನ್ನಡದಲ್ಲೇ ಒಂದು ಪ್ಯಾರಾ ಬೆರಳಚ್ಚು ಮಾಡಿ. ನುಡಿ ವಿನ್ಯಾಸದಲ್ಲಿ ಒತ್ತಕ್ಷರಕ್ಕೆ ಎಫ್ ಕೀಲಿ ಬೇಕು. ಅದೊಂದು ಸಡಿಲವಾಗಿದ್ದರೆ ಒಂದು ಪುಟವೂ ಸಾಗುವುದಿಲ್ಲ. ಇಂಟರ್ನ್‌ಶಿಪ್ ಶಾಲೆಯ ಪ್ರೊಜೆಕ್ಟರ್ ಹಳೆಯದಾಗಿದ್ದರೆ ವಿಜಿಎ ಕೇಬಲ್ ಮಾತ್ರ ಇರಬಹುದು. ಯಂತ್ರದಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಪರಿವರ್ತಕವೂ ಖರ್ಚಿನ ಪಟ್ಟಿಗೆ ಸೇರಲಿ. ಧ್ವನಿ, ಕ್ಯಾಮೆರಾ, ವೈಫೈ, ಪ್ರತಿಯೊಂದು ಯುಎಸ್‌ಬಿ ಕಿಂಡಿ ಪರೀಕ್ಷೆಯಾಗಲಿ. ಬಿಳಿಯ ಪುಟ ತೆರೆದು ಪರದೆಯ ಕಲೆಗಳನ್ನು ನೋಡಿ.

ಬಿಲ್: ಯಂತ್ರದ ಸೀರಿಯಲ್ ಸಂಖ್ಯೆ, ವಾರಂಟಿಯ ತಿಂಗಳುಗಳು, ವಾರಂಟಿಯಲ್ಲಿ ಬ್ಯಾಟರಿ ಸೇರಿದೆಯೇ ಇಲ್ಲವೇ ಎಂಬುದು ಬಿಲ್‌ನಲ್ಲಿ ಬರಹದಲ್ಲಿರಲಿ. ಹಳೆಯ ವಸ್ತುವಾದರೂ ಹಣ ಕೊಟ್ಟು ಕೊಂಡವರಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಆದರೆ ಬಿಲ್ ಇಲ್ಲದೆ ಜಿಲ್ಲಾ ಆಯೋಗದ ಮುಂದೆ ಹೇಳಿಕೊಳ್ಳುವುದು ಕಷ್ಟ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ರಿಫರ್ಬಿಶ್ ಮಾಡುವವರೂ ನೋಂದಾಯಿಸಿಕೊಳ್ಳಬೇಕು ಎನ್ನುತ್ತವೆ. ಬಿಲ್ ಕೊಡಲು ಹಿಂದೇಟು ಹಾಕುವ ಮಾರಾಟಗಾರರಿಗೆ ಈ ಮಾತನ್ನು ವಿನಯವಾಗಿ ನೆನಪಿಸಬಹುದು.

ಎದುರಾಗುವ ಆಕ್ಷೇಪಗಳು

“ಇಷ್ಟೆಲ್ಲ ತಾಪತ್ರಯ ಏಕೆ, ಅದೇ ದುಡ್ಡಿಗೆ ಹೊಸದು ಸಿಗುತ್ತದಲ್ಲ” ಎನ್ನುವವರಿದ್ದಾರೆ. ಸಿಗುತ್ತದೆ. ಆದರೆ ಆ ಬೆಲೆಯ ಹೊಸ ಯಂತ್ರಗಳಲ್ಲಿ ಹಲವು ಎರಡು ಕೋರ್‌ನ ಸೆಲೆರಾನ್, ಬೆಸೆದ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಇರುವಂಥವು. ವಿಂಡೋಸ್ 11 ಕೇಳುವ ಕನಿಷ್ಠ ಮಟ್ಟವೇ 4 ಮತ್ತು 64. ಅಂದರೆ ಡಬ್ಬಿಯಿಂದ ತೆಗೆದ ದಿನವೇ ಅದು ತನ್ನ ಮಿತಿಯಲ್ಲಿ ನಿಂತಿರುತ್ತದೆ. ಒಂದು ವರ್ಷದ ವಾರಂಟಿ ದೊಡ್ಡ ಸಮಾಧಾನ ನಿಜ; ನಿಧಾನಗತಿಗೆ ವಾರಂಟಿ ಪರಿಹಾರವಲ್ಲ.

“ಮೊಬೈಲ್ ಸಾಕಲ್ಲವೇ” ಎನ್ನುವವರ ಮಾತಿನಲ್ಲೂ ಹುರುಳಿದೆ. ದೀಕ್ಷಾ ವಿಡಿಯೋ ತೋರಿಸಲು, ಸಹಪಾಠಿಯ ಸೂಕ್ಷ್ಮಬೋಧನೆಯನ್ನು ಚಿತ್ರೀಕರಿಸಲು ಮೊಬೈಲೇ ಅನುಕೂಲ. ಹತ್ತಾರು ಪಾಠ ಯೋಜನೆ, ಅಂಕಗಳ ಕೋಷ್ಟಕ, ಸಂಶೋಧನಾ ವರದಿ ಬರೆಯಲು ಅದು ಸಾಲದು. ಹೀಗಿದ್ದರೂ ವಾರಕ್ಕೆ ಎರಡು ದಿನ ಕಾಲೇಜಿನ ಲ್ಯಾಬ್‌ನಲ್ಲಿ ಕುಳಿತು ಆ ಕೆಲಸ ಮುಗಿಸಬಲ್ಲವರಿಗೆ ನನ್ನ ಸಲಹೆ, ಕೊಳ್ಳಲೇಬೇಡಿ ಎಂಬುದು. ಕೆಲವರ ಪಾಲಿಗೆ ಅದೇ ಅತಿ ಲಾಭದ ತೀರ್ಮಾನ.

ಕಾಲೇಜು ಮಾಡಬೇಕಾದದ್ದು

ಮೊದಲು, ಲ್ಯಾಪ್‌ಟಾಪ್ ಕಡ್ಡಾಯ ಎಂಬ ಅಲಿಖಿತ ನಿಯಮವನ್ನು ಬಿಡೋಣ. ಅಭ್ಯಾಸ ಬೋಧನೆಯ ವೀಕ್ಷಣೆಯಲ್ಲಿ ಸ್ಲೈಡ್ ಇತ್ತೆಂಬ ಕಾರಣಕ್ಕೆ ಅಂಕ ಹೆಚ್ಚುವುದು, ಕಪ್ಪುಹಲಗೆಯಲ್ಲಿ ಅಚ್ಚುಕಟ್ಟಾಗಿ ಚಿತ್ರ ಬರೆದವರಿಗೆ ಕಡಿಮೆಯಾಗುವುದು ನಡೆದರೆ, ಕೈಯಲ್ಲಿ ಹಣವಿಲ್ಲದವರನ್ನು ನಾವೇ ಅಂಗಡಿಗೆ ಅಟ್ಟಿದಂತೆ. ಮಕ್ಕಳು ಏನು ಕಲಿತರು ಎಂಬುದಕ್ಕೆ ಅಂಕ ಕೊಡೋಣ.

ಎರಡನೆಯದು, ಪಠ್ಯಕ್ರಮದಲ್ಲಿ ಐಸಿಟಿಯ ವಿಮರ್ಶಾತ್ಮಕ ತಿಳುವಳಿಕೆ ಎಂಬ ಪತ್ರಿಕೆ ಇದ್ದೇ ಇದೆ. ಅದರಲ್ಲಿ ಎರಡು ಗಂಟೆಯ ಒಂದು ಪ್ರಾಯೋಗಿಕ ತರಗತಿಯನ್ನು ಇದಕ್ಕೆ ಮೀಸಲಿಡಬಹುದು. ಲ್ಯಾಬ್‌ನ ಒಂದು ಹಳೆಯ ಯಂತ್ರವನ್ನು ಗುಂಪುಗಳಿಗೆ ಕೊಟ್ಟು ಬ್ಯಾಟರಿ ವರದಿ, ಎಸ್‌ಎಸ್‌ಡಿ ಆರೋಗ್ಯ, ಪ್ರೊಸೆಸರ್ ತಲೆಮಾರು, ತಿಂಗಳ ಲೆಕ್ಕ ಬರೆಸಿ, ಕೊಳ್ಳಬೇಕೇ ಬಿಡಬೇಕೇ ಎಂದು ವಾದಿಸಲು ಬಿಡಬೇಕು. ನಾಳೆ ಇವರೇ ಶಾಲೆಗಳಿಗೆ ಹೋಗಿ ಶಾಲಾಭಿವೃದ್ಧಿ ಸಮಿತಿಯ ಹಣದಲ್ಲಿ, ದಾನಿಗಳ ಹಣದಲ್ಲಿ ಯಂತ್ರ ಆರಿಸುವವರು. ಒಬ್ಬರ ಜೇಬಿನ ಪ್ರಶ್ನೆಯಾಗಿ ಆರಂಭವಾದದ್ದು ಆಗ ಒಂದು ಊರಿನ ಮಕ್ಕಳ ಪ್ರಶ್ನೆಯಾಗುತ್ತದೆ.

ಮೂರನೆಯದು, ಪರೀಕ್ಷಿಸಿ ಕೊಂಡ ನಾಲ್ಕೈದು ಯಂತ್ರಗಳನ್ನು ಕಾಲೇಜೇ ಇಟ್ಟುಕೊಂಡು, ಇಂಟರ್ನ್‌ಶಿಪ್‌ನ ವಾರಗಳಿಗೆ ಗ್ರಂಥಾಲಯದ ಪುಸ್ತಕದಂತೆ ಎರವಲು ಕೊಡುವುದು. ಕೋರ್ಸ್ ಮುಗಿಸಿ ಹೋಗುವವರು ತಮ್ಮ ಯಂತ್ರವನ್ನು ಕಿರಿಯರಿಗೆ ಮಾರುವುದಿದ್ದರೆ, ಬ್ಯಾಟರಿ ವರದಿಯ ಸಮೇತ ಕಾಲೇಜಿನಲ್ಲೇ ಕೈಬದಲಾಗುವಂತೆ ಒಂದು ದಿನ ಗೊತ್ತುಮಾಡಬಹುದು. ಯಂತ್ರದ ಪೂರ್ವಾಪರ ಗೊತ್ತಿರುವುದರಿಂದ ಅಂಗಡಿಯ ಯಂತ್ರಕ್ಕಿಂತ ಇದು ಕೊಳ್ಳುವವರಿಗೆ ಕ್ಷೇಮ.

ಇಷ್ಟಾದರೆ, ಮುಂದಿನ ಸಲ “ತಗೊಂಡ್ರೆ ನಡೆಯುತ್ತಾ” ಎಂದು ಕೇಳಿದವರಿಗೆ ನಾವು ಹೌದು, ಇಲ್ಲ ಎನ್ನಬೇಕಾಗಿಲ್ಲ. ಯಾವ ಕೆಲಸಕ್ಕೆ, ಎಷ್ಟು ತಿಂಗಳಿಗೆ, ಯಾವ ತಲೆಮಾರು, ಬ್ಯಾಟರಿ ಎಷ್ಟು ಎಂದು ಕೇಳಿದರೆ ಸಾಕು. ಉತ್ತರವನ್ನು ಅವರೇ ಹೇಳುತ್ತಾರೆ.